ಕಳಸಗಿತ್ತಿಯ ಅಪ್ಪನ ತಲೆ

ಶನಿವಾರ ಮುಂಜಾನೆ ಒಂಬತ್ತು ಹೊಡೆಯುವುದರೊಳಗೆ ಸಾವಂತ್ರಿ ಪಾಟಿಚೀಲ ಹೊತ್ತುಕೊಂಡು ಶಾಲೆಯಿಂದ ತಿರುಗಿ ಬಂದಳು. ಅವಳ ಜಂಪರಿಗೆ ಅಕ್ಕೋರು ಒಂದು ಚೀಟಿ ಪಿನ್ನು ಚುಚ್ಚಿ ಕಳಿಸಿದ್ದರು. ದುಂಡಸಿಯ ಸೊಸೈಟಿಯಲ್ಲಿ ಸಕ್ಕರೆ, ಚಿಮಣಿಎಣ್ಣೆ ಅಳೆಯುವ ಗುದ್ಲೆಪ್ಪ ಅವತ್ತು ರಜೆ ಹಾಕಿ ಕಟ್ಟೆಯ ಮೇಲೆ ಕೂತು ಮೀಸೆಯ ತುದಿ ಹುರಿಮಾಡುತ್ತಿದ್ದ. ಚೀಟಿ ಬಿಚ್ಚಿ ಓದಿದ.

“ನಿಮ್ಮ ಮಗಳ ಬಾಜೂಕೆ ಕೂಡ್ರುವ ಹುಡುಗಿಯ ತಲೆಯಲ್ಲಿ ಹೇನು ಕಂಡಿರುತ್ತವೆ. ನಿಮ್ಮ ಮಗಳ ತಲೆಯನ್ನೂ ತಪ್ಪದೆ ನೋಡಿಕೊಳ್ಳತಕ್ಕದ್ದು. — ಅಖ್ತರುನ್ನೀಸಾ, ಒಂದನೇ ಇಯತ್ತೆ.”

ಓದಿ ಮುಗಿಸುವ ಮೊದಲೇ ಗುದ್ಲೆಪ್ಪನ ಕೈ ತನ್ನ ತಲೆಗೇ ಹೋಯಿತು. ಹೇನು ಎಂಬ ಶಬ್ದಕ್ಕೆ ಆ ಶಕ್ತಿ ಉಂಟು. ಕಚ್ಚುವುದಕ್ಕೆ ಹೇನೇ ಬೇಕೆಂದಿಲ್ಲ.

ಬೇರೆ ದಿನವಾಗಿದ್ದರೆ ಚೀಟಿಯನ್ನು ಮಡಚಿ ಹೆಂಡತಿಯ ಕೈಗೆ ಕೊಟ್ಟು ಮೀಸೆಯ ಕೆಲಸ ಮುಂದುವರಿಸುತ್ತಿದ್ದ. ಆದರೆ ಹೆಂಡತಿ ಶಂಕ್ರವ್ವ ತಂಗಿಯ ಮದುವೆ ಕೆಲಸಕ್ಕೆಂದು ಎಂಟು ದಿನ ಮೊದಲೇ ಹಾನಗಲ್ಲಿನ ತವರಿಗೆ ಹೋಗಿದ್ದಳು. ಅವತ್ತು ಸಂಜೆ ದೀಪ ಹಚ್ಚುವ ಹೊತ್ತಿಗೆ ಗಂಡಿನ ಕಡೆಯವರು ಬರುವವರಿದ್ದರು. ಅವರನ್ನು ಎದುರುಗೊಳ್ಳುವಾಗ ಎಲ್ಲರಿಗಿಂತ ಮುಂದೆ ಕಳಸ ಹಿಡಿದು ನಡೆಯುವ ಕಳಸಗಿತ್ತಿ ಬೇರೆ ಯಾರೂ ಅಲ್ಲ, ಇದೇ ಆರು ವರ್ಷದ ಸಾವಂತ್ರಿ. ಒಂದು ತಿಂಗಳಿಂದ ಅವಳು ತಂಬಿಗೆಯಲ್ಲಿ ನೀರು ತುಂಬಿಕೊಂಡು, ಒಂದು ಹನಿ ತುಳುಕದ ಹಾಗೆ ಪಡಸಾಲೆಯಿಂದ ಹಿತ್ತಲಕ್ಕೆ, ಹಿತ್ತಲದಿಂದ ಪಡಸಾಲೆಗೆ ನಡೆದು ರೂಢಿ ಮಾಡಿದ್ದಳು. ನಿದ್ದೆಯಲ್ಲೂ “ಸರೀರಿ, ಕಳಸ ಬಂತು” ಅನ್ನುತ್ತಿದ್ದಳು. ಸೊಂಟದವರೆಗೆ ಇಳಿದ ಅವಳ ಕೂದಲಿಗೆಂದು ಹಾನಗಲ್ಲಿನ ಅಜ್ಜಿ ಅಡಿವೆವ್ವ ಮೊಗ್ಗಿನ ಜಡೆ ಹೇಳಿಟ್ಟಿದ್ದಳು. ಜಡೆ ಹಾಕುವವರು ಹತ್ತು ಮಂದಿ ಹೆಂಗಸರು. ಅವರಲ್ಲಿ ಒಬ್ಬರ ಕಣ್ಣಿಗೆ ಒಂದು ಹೇನು ಬಿದ್ದರೂ ಮುಗಿಯಿತು. ಅಡಿವೆವ್ವನ ತಂಗಿ ತನ್ನ ಮೊಮ್ಮಗಳನ್ನು ಕಳಸಗಿತ್ತಿ ಮಾಡಬೇಕೆಂದು ತುದಿಗಾಲ ಮೇಲೆ ನಿಂತಿದ್ದಳು.

ಹೋಗುವಾಗ ಶಂಕ್ರವ್ವ ಹೇಳಿಯೇ ಹೋಗಿದ್ದಳು: “ಕೂಸಿನ ಕೂದ್ಲಿಗೆ ಏನಾರ ಹೆಚ್ಚುಕಮ್ಮಿ ಆತಂದ್ರ ಮದುವಿಗೆ ನೀವೂ ಬರಬ್ಯಾಡ್ರಿ, ನಾನೂ ದುಂಡಸಿಗೆ ಬರೂದಿಲ್ಲ.”

ಗುದ್ಲೆಪ್ಪ ಮಗಳನ್ನು ಬೆಳಕಿಗೆ ಕೂಡಿಸಿಕೊಂಡು ಕೂದಲು ಸರಿಸಿ ನೋಡಿದ. ಕಾಳು, ಕಡಿ, ಕಲ್ಲು ಆರಿಸಿ ಗೊತ್ತಿದ್ದವನಿಗೆ ಹೇನು ಆರಿಸಿ ಗೊತ್ತಿರಲಿಲ್ಲ. ಕಪ್ಪಗೆ ಕಂಡದ್ದೆಲ್ಲ ಹೇನು, ಬೆಳ್ಳಗೆ ಕಂಡದ್ದೆಲ್ಲ ಸೀರು ಅನ್ನಿಸಿ ಅವನ ಬೆನ್ನು ಬೆವರಿತು. ಕೊನೆಗೆ ಬಾಜೂ ಮನೆಯ ಗುತ್ತೆವ್ವಮುದುಕಿಯನ್ನು ಕರೆದ. ಅದೇ ಅವನು ಮಾಡಿದ ತಪ್ಪು. ಗುತ್ತೆವ್ವನಿಗೆ ಒಂದು ಮಾತು ಹೇಳುವುದೂ ಒಂದೇ, ಓಣಿಯಲ್ಲಿ ಡಂಗುರ ಸಾರುವುದೂ ಒಂದೇ.

ಮುದುಕಿ ಹೇನಿನ ಹಣಿಗೆ ಹಿಡಿದುಕೊಂಡೇ ಬಂದಳು. “ನೋಡಪಾ, ಹಲ್ಲ ನನಗೂ ಇಲ್ಲ, ಹಣಗಿಗೂ ಇಲ್ಲ. ಕೈಲೇ ನೋಡ್ತೇನಿ” ಎಂದು ಸಾವಂತ್ರಿಯ ತಲೆಯನ್ನು ತೊಡೆಯ ಮೇಲೆ ಹಾಕಿಕೊಂಡಳು. ಹತ್ತು ನಿಮಿಷ ತಡವಿದಳು. ಏನೂ ಸಿಗಲಿಲ್ಲ.

“ಇಲ್ಲೇನವಾ ಹಂಗಾರ?” ಗುದ್ಲೆಪ್ಪನಿಗೆ ಜೀವ ಬಂತು.

“ಅದಾವ. ಕೈಗೆ ಸಿಗವಲ್ಲವು ಅಂದ್ರ ಭಾಳ ಶಾಣ್ಯಾ ಹೇನು ಅದಾವ. ದಡ್ಡ ಹೇನಾದ್ರ ಇಷ್ಟೊತ್ತಿಗೆ ಸಿಗತಿದ್ವು.”

ಅಷ್ಟರಲ್ಲಿ ಓಣಿಯ ಅರ್ಧ ಮಂದಿ ಕಟ್ಟೆಯ ಮುಂದೆ ನಿಂತಿದ್ದರು, ಎಲ್ಲರೂ ತಲೆ ಕೆರೆಯುತ್ತ. ಗುತ್ತೆವ್ವ ಮನೆಗೆ ಹೋಗಿ ಸೀತಾಫಲದ ಬೀಜ ಅರೆದು, ಒಂದು ಬಟ್ಟಲಲ್ಲಿ ತಂದಿಟ್ಟಳು. “ಇದನ್ನ ಹಚ್ಚಿ ಒಂದ ತಾಸ ಬಿಡು. ಹೇನಿನ ವಂಶಾನ ನಿರ್ವಂಶ.”

ಸಾವಂತ್ರಿ ಬಟ್ಟಲು ಮೂಸಿ ನೋಡಿದಳು. ಜಡೆಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಳು.

“ನಾ ಒಲ್ಲೆ. ಮೊದಲ ನೀ ಹಚ್ಚಿಕೋ. ನಿನಗೇನೂ ಆಗಲಿಲ್ಲಂದ್ರ ನಾ ಹಚ್ಚಿಸ್ಕೋತೇನಿ.”

“ನನ್ನವ್ವಾ, ನನಗ ಹೇನೆಲ್ಲಿ ಅದಾವ?”

“ನನಗರ ಎಲ್ಲಿ ಅದಾವ? ಗುತ್ತೆವ್ವಜ್ಜಿಗೆ ಒಂದೂ ಸಿಕ್ಕಿಲ್ಲ.”

ಕಟ್ಟೆಯ ಮುಂದೆ ನಿಂತ ಇಪ್ಪತ್ತು ಮಂದಿಯೂ ಗುದ್ಲೆಪ್ಪನ ತಲೆಯ ಕಡೆ ನೋಡಿದರು. ಹೊತ್ತು ಏರುತ್ತಿತ್ತು, ಒಂದು ಗಂಟೆಗೆ ಬಸ್ಸು. ಮಗಳನ್ನು ಹೊಡೆದು ಬಡಿದು ಮಾಡುವ ತಂದೆ ಅವನಲ್ಲ. ಬಟ್ಟಲು ಎತ್ತಿ ತನ್ನ ತಲೆಗೇ ಸುರಿದುಕೊಂಡ. ಬಿಸಿಲಿಗೆ ಬೆವರು ಒಡೆಯಿತು. ಬೆವರಿನ ಜೊತೆ ಸೀತಾಫಲದ ರಸ ಹಣೆಯಿಂದ ಹುಬ್ಬಿಗೆ, ಹುಬ್ಬಿನಿಂದ ಕಣ್ಣಿಗೆ ಇಳಿಯಿತು. ಆಮೇಲೆ ಗುದ್ಲೆಪ್ಪ ಕೂಗಿದ ಕೂಗಿಗೆ ಬೇವಿನ ಗಿಡದ ಕಾಗೆಗಳು ಎದ್ದು ಹೋದವು.

ನಾಲ್ಕು ಕೊಡ ನೀರು ಹಾಕಿ ತೊಳೆದರೂ ಕಣ್ಣು ಕೆಂಡದ ಹಾಗೆ ಕೆಂಪಾಗಿ ಊದಿಕೊಂಡವು, ಒಂದೇ ಸವನೆ ನೀರು ಸುರಿಸಿದವು. ಸಾವಂತ್ರಿ ಅಪ್ಪನ ಗಲ್ಲ ಒರೆಸಿ, “ನೋಡಿದ್ಯಾ? ನಾ ಒಲ್ಲೆ ಅಂದದ್ದ ಚಲೋ ಆತು” ಎಂದಳು.

ಇಷ್ಟಕ್ಕೇ ಬಿಟ್ಟಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಬಂಡಿಯ ಚೌಡಪ್ಪ ಅಲ್ಲಿಯವರೆಗೆ ಸುಮ್ಮನಿದ್ದದ್ದೇ ಹೆಚ್ಚು. ಅವನು ಬಂಡಿಯ ಕೆಳಗೆ ತೂಗುಹಾಕಿದ್ದ ಕೊಳವೆ ಬಿಚ್ಚಿಕೊಂಡು ಬಂದ. ಅದರಲ್ಲಿ ಗಾಲಿಗೆ ಹಾಕುವ ಕೀಲೆಣ್ಣೆ, ಅಂದರೆ ಔಡಲೆಣ್ಣೆಗೆ ಸುಟ್ಟ ಹುಲ್ಲಿನ ಬೂದಿ ಕಲಸಿದ ಕರ್ರನೆಯ ಜಿಡ್ಡು.

“ಹೆಂಗಸೂರ ಔಷಧ ಬಿಡೋ ಮಾರಾಯಾ. ನಮ್ಮ ಎತ್ತಿಗೆ ಉಣ್ಣಿ ಹತ್ತಿದ್ರ ಇದನ್ನ ಒಂದ ಕೈ ಸವರಿಬಿಡ್ತೇನಿ. ಒಂದರ ಉಳದಾವೇನು ಕೇಳು ಅವನ್ನ.”

ಎತ್ತುಗಳನ್ನು ಕೇಳುವ ಪುರಸತ್ತು ಯಾರಿಗೂ ಇರಲಿಲ್ಲ. ಗುದ್ಲೆಪ್ಪ ಮಗಳ ಮುಖ ನೋಡಿದ. ಮಗಳು ಅಪ್ಪನ ತಲೆಯ ಕಡೆ ಬೊಟ್ಟು ಮಾಡಿದಳು.

ಉರಿಯುವ ಕಣ್ಣಿಗೆ ಮುಂದಿನದು ಕಾಣುತ್ತಿರಲಿಲ್ಲ. ಒಂದು ಕೈ ಅಂದವನು ಚೌಡಪ್ಪ ಎರಡೂ ಕೈ ತುಂಬ ತಿಕ್ಕಿದ. ಗುದ್ಲೆಪ್ಪ ಕಣ್ಣೀರು ಒರೆಸಿಕೊಳ್ಳಲು ಹೋಗಿ ಅದೇ ಜಿಡ್ಡನ್ನು ಮೀಸೆಗೂ ಮೆತ್ತಿಕೊಂಡ. ಕಾಲು ತಾಸಿನ ಮೇಲೆ ತೊಳೆಯಲು ಕೂತಾಗ ತಿಳಿಯಿತು, ಕೀಲೆಣ್ಣೆ ಗಾಲಿಯಿಂದಲೇ ವರ್ಷಗಟ್ಟಲೆ ಹೋಗುವುದಿಲ್ಲ, ತಲೆಯಿಂದ ಹೋದೀತೆ? ಸೀಗೆಕಾಯಿ ಸೋತಿತು. ಕಡಲೆಹಿಟ್ಟು ಸೋತಿತು. ಚಿಮಣಿಎಣ್ಣೆ ಹಾಕಿದರೆ ಬಿಟ್ಟೀತು ಅಂದರು ಯಾರೋ. ಸೊಸೈಟಿಯ ಪೀಪಾಯಿ ಹತ್ತು ದಿನದಿಂದ ಬರಿದಾಗಿ ಬಿದ್ದದ್ದು ಗುದ್ಲೆಪ್ಪನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಬಸ್ಸಿಗೆ ಮುಕ್ಕಾಲು ತಾಸು ಇತ್ತು. ಕ್ಷೌರದ ಮಂಜಪ್ಪನ ಮುಂದೆ ಹೋಗಿ ತಲೆ ಒಡ್ಡಿದ. ಮಂಜಪ್ಪ ಹಣಿಗೆ ಹಾಕಿ ನೋಡಿದ, ಹಣಿಗೆ ತಲೆಯಲ್ಲೇ ಸಿಕ್ಕಿಕೊಂಡಿತು.

“ಕತ್ತರಿ ನಡಿಯಂಗಿಲ್ಲೋ ಗುದ್ಲೆಪ್ಪಣ್ಣ. ಕತ್ತೀನ ಗತಿ.”

“ಏನರ ಮಾಡು. ಮೀಸಿ ಒಂದ ಉಳಸು.”

“ಮೀಸಿನಾ? ಇದು ಮೀಸಿ ಅಲ್ಲ, ಬಂಡಿ ಕೀಲ.” ಮಂಜಪ್ಪ ಕತ್ತಿ ಮಸೆಯುತ್ತ ಸಂಶಯದಿಂದ ಕೇಳಿದ, “ಹಿರೇಕೆರೂರಾಗ ನಿಮ್ಮಪ್ಪ ಅವ್ವ ಅರಾಮ ಅದಾರಿಲ್ಲೋ?”

“ಅವರಿಗೇನಾಗೇತಿ? ಅಪ್ಪ ಇವತ್ತ ಹಾನಗಲ್ಲಿಗೆ ಬರ್ತಾನ. ನೀ ಲಗೂನ ತಗಿ.”

ಮಂಜಪ್ಪ ಯಾಕೆ ಕೇಳಿದ ಎಂದು ಯೋಚಿಸುವಷ್ಟು ವೇಳೆ ಇರಲಿಲ್ಲ. ತಲೆಯ ಜೊತೆ ಮೀಸೆಯೂ ಹೋಯಿತು. ಮಗಳಿಗೆ ಹೊಸ ಲಂಗ ತೊಡಿಸಿ, ಬೋಳುತಲೆಗೆ ಟಾವೆಲ್ಲು ಸುತ್ತಿಕೊಂಡು ಓಡಿದ. ಓಡುತ್ತಲೇ ಮಗಳಿಗೆ ತಾಕೀತು ಮಾಡಿದ: “ನೋಡು ತಂಗಿ, ದಾರಿಯೊಳಗ ಯಾರ ಏನ ಕೇಳಿದ್ರೂ ಹೇನ ಅನ್ನೂ ಶಬ್ದ ಬಾಯಾಗ ಬರಬಾರದು. ಬಂತಂದ್ರ ಕಳಸ ಹೋತು.” ಸಾವಂತ್ರಿ ತುಟಿಗಳನ್ನು ಗಟ್ಟಿಯಾಗಿ ಒತ್ತಿಕೊಂಡು ಗೋಣು ಹಾಕಿದಳು. ಔಷಧ ಒಂದು ಹನಿಯೂ ಅವಳ ತಲೆಗೆ ಮುಟ್ಟಿರಲಿಲ್ಲ. ಹೇನಿದ್ದರೆ ಇದ್ದ ಹಾಗೇ ಇದ್ದವು.

ಬಸ್ಸು ಹತ್ತಿದ ಕೂಡಲೇ ಕಂಡಕ್ಟರು ಒಬ್ಬ ಹುಡುಗನನ್ನು ಎಬ್ಬಿಸಿ ಜಾಗ ಕೊಡಿಸಿದ. “ಕುಂಡ್ರಿ ಪಾಪ. ಯಾವಾಗ ಆತ್ರಿ?”

ಆಗ ಗುದ್ಲೆಪ್ಪನ ತಲೆಯಲ್ಲಿ ದೀಪ ಹತ್ತಿತು. ನಮ್ಮ ಕಡೆ ತಲೆ ಬೋಳಿಸಿ ಮೀಸೆ ಉಳಿದಿದ್ದರೆ ಅವನು ತಿರುಪತಿಗೆ ಹೋಗಿ ಬಂದವನು. ತಲೆಯ ಜೊತೆ ಮೀಸೆಯೂ ಹೋಗಿದ್ದರೆ ಅವನ ಮನೆಯಲ್ಲಿ ಹಡೆದವರು ಯಾರೋ ತೀರಿಕೊಂಡಿದ್ದಾರೆ. ತಲೆಯನ್ನು ಟಾವೆಲ್ಲಿನಿಂದ ಮುಚ್ಚಬಹುದು, ಮೂಗಿನ ಕೆಳಗಿನ ಬಯಲನ್ನು ಯಾವುದರಿಂದ ಮುಚ್ಚುವುದು? ಮೇಲೆ ಈ ಸುರಿಯುವ ಕಣ್ಣು ಬೇರೆ.

“ಹಂಗೇನೂ ಆಗಿಲ್ರಿ” ಅಂದ.

“ಧೈರ್ಯದ ಮನಶಾ” ಅಂದರು ಹಿಂದಿನ ಸೀಟಿನವರು.

ಒಬ್ಬ ಮುದುಕಿ ಸಾವಂತ್ರಿಯ ಗದ್ದ ಹಿಡಿದು, “ಯಾರ್ ಹೋದ್ರವ್ವಾ, ಅಜ್ಜನೋ ಅಜ್ಜಿಯೋ?” ಎಂದು ಕೇಳಿದಳು. ಸಾವಂತ್ರಿ ತುಟಿ ಬಿಗಿಹಿಡಿದು ಕಿಡಕಿಯ ಕಡೆ ಮುಖ ತಿರುಗಿಸಿದಳು. “ಕೂಸಿಗೆ ಮಾತ ಬರವಲ್ತು ನೋಡ್ರಿ, ಎಷ್ಟ ಹಚ್ಚಿಗೊಂಡಿತ್ತೋ” ಎಂದು ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಶಿಗ್ಗಾಂವದಲ್ಲಿ ಇಳಿದು ಹಾನಗಲ್ಲಿನ ಬಸ್ಸು ಹಿಡಿದರೆ ಅಲ್ಲಿ ಕೂತಿದ್ದವನು ಅತ್ತೆಮನೆಯ ಓಣಿಯ ಶಿದ್ಲಿಂಗಪ್ಪ. ಅವನು ಗುದ್ಲೆಪ್ಪನನ್ನು ನೋಡಿದ, ಎದೆಯ ಮೇಲೆ ಕೈ ಇಟ್ಟುಕೊಂಡ, ಹಾನಗಲ್ಲು ಬರುವವರೆಗೆ ಒಂದೂ ಮಾತಾಡಲಿಲ್ಲ. ಬಸ್ಸು ಪೂರಾ ನಿಲ್ಲುವ ಮೊದಲೇ ಜಿಗಿದು ಓಡಿದ. ಅವನು ಯಾಕೆ ಓಡಿದ ಎಂದು ಗುದ್ಲೆಪ್ಪನಿಗೆ ಗೊತ್ತಾಯಿತು. ಆದರೆ ಒಂದು ಕೈಯಲ್ಲಿ ಮಗಳು, ಇನ್ನೊಂದು ಕೈಯಲ್ಲಿ ಟ್ರಂಕು. ಅವನ ಬೆನ್ನು ಹತ್ತುವುದು ಹೇಗೆ?

ಮದುವೆಮನೆಯ ಮುಂದೆ ಬಾಜಾ ನಿಂತಿತ್ತು. ಹಂದರದ ಬಾಯಿಗೆ ಅಡಿವೆವ್ವ ಎರಡೂ ಕೈ ಅಗಲಿಸಿ ನಿಂತಿದ್ದಳು.

“ಅಲ್ಲೇ ನಿಂದರ್ರಿ ಅಳಿಯಾರ. ಸೂತಕದವರು ಹಂದರದಾಗ ಕಾಲ ಇಡಬ್ಯಾಡ್ರಿ. ನಿಮ್ಮ ದುಃಖ ನನಗ ತಿಳೀತೈತಿ, ಆದ್ರ ಇದು ಮದುವಿ ಮನಿ.”

“ಅತ್ತೀ, ನಮ್ಮಪ್ಪಗ ಏನೂ ಆಗಿಲ್ಲ!”

“ಅದು ನಮಗೂ ಗೊತ್ತೈತಿ. ಅವರು ಇಲ್ಲೇ ಅದಾರ.”

ಗುದ್ಲೆಪ್ಪ ಒಳಗೆ ನೋಡಿದ, ಅಪ್ಪ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಅಪ್ಪ ಫಕ್ಕೀರಪ್ಪ ಮಧ್ಯಾಹ್ನವೇ ಹಿರೇಕೆರೂರಿನಿಂದ ಬಂದು ಹಂದರದೊಳಗೆ ಹೊರಸಿನ ಮೇಲೆ ಕೂತು ಬಸಿಯಲ್ಲಿ ಚಹಾ ಕುಡಿಯುತ್ತಿದ್ದನಂತೆ. ಶಿದ್ಲಿಂಗಪ್ಪ ಓಡಿ ಬಂದು, “ಗುದ್ಲೆಪ್ಪನ ಅಪ್ಪ ಹೋದ್ನಂತ” ಎಂದು ಅವನ ಮುಂದೆಯೇ ಹೇಳಿದ. ಫಕ್ಕೀರಪ್ಪ ತನ್ನ ಕೈಕಾಲು ಮುಟ್ಟಿ ನೋಡಿಕೊಂಡು, “ನಾ ಇಲ್ಲೇ ಅದೇನಲ್ಲೋ” ಅಂದ. ಆಮೇಲೆ ಲೆಕ್ಕ ಹಾಕಿದ. ತಾನಿದ್ದೇನೆ. ಮಗ ಬೋಳಿಸಿದ್ದಾನೆ. ಎಮ್ಮೆ ನೋಡಿಕೊಳ್ಳಲು ಊರಲ್ಲೇ ಉಳಿದವಳು ಹೆಂಡತಿ ದುರಗವ್ವ. ಬಸಿ ಕೆಳಗೆ ಬಿತ್ತು.

“ಮುಂಜಾನಿ ನನಗ ರೊಟ್ಟಿ ಕಟ್ಟಿ ಕೊಟ್ಟಾಳಲ್ಲೋ!” ಮಗನನ್ನು ಕಂಡು ಫಕ್ಕೀರಪ್ಪ ದನಿ ತೆಗೆದ. “ಯಾವಾಗ ತಂತಿ ಬಂತೋ ನಿನಗ? ನನಗ ಒಂದ ಮಾತ ಹೇಳದಂಗ ಹೋದ್ಲಲ್ಲೋ!”

“ಅವ್ವಗೂ ಏನಾಗಿಲ್ಲಪ್ಪಾ! ತಂತಿ ಗಿಂತಿ ಬಂದಿಲ್ಲ!”

“ಮತ್ತ ತಲಿ ಯಾಕ ಬೋಳಿಸಿದಿ? ಕಣ್ಣ ಯಾಕ ಹಿಂಗ ಆಗ್ಯಾವ?”

ಇಡೀ ಹಂದರ ಉತ್ತರಕ್ಕೆ ಕಾದಿತು. ಗುದ್ಲೆಪ್ಪ ಟಾವೆಲ್ಲನ್ನು ಇನ್ನೂ ಬಿಗಿಯಾಗಿ ಸುತ್ತಿಕೊಂಡ. ಹೇನು ಅಂದರೆ ಮಗಳ ಕಳಸ ಹೋಗುತ್ತದೆ. ಸುಮ್ಮನಿದ್ದರೆ ಸೂತಕದ ಮನೆಯ ಕೂಸೆಂದು ಹೋಗುತ್ತದೆ. ಅಷ್ಟೊತ್ತಿಗಾಗಲೇ ಅಡಿವೆವ್ವನ ತಂಗಿ ತನ್ನ ಮೊಮ್ಮಗಳಿಗೆ ಹಸಿರು ಜರಿಯ ಲಂಗ ಉಡಿಸಿ ಮುಂದೆ ತಂದು ನಿಲ್ಲಿಸಿದ್ದಳು. “ಇರ್ಲಿ ಬಿಡ್ರಿ, ನಮ್ಮ ಕೂಸ ಹಿಡೀತೈತಿ. ವ್ಯಾಳ್ಯಾ ಆತು” ಅಂದಳು.

ಸಾವಂತ್ರಿ ಕೊಟ್ಟ ಮಾತಿನಂತೆ ತುಟಿ ಒತ್ತಿಯೇ ಹಿಡಿದಿದ್ದಳು. ಆ ತುಟಿ ನಡುಗತೊಡಗಿತು, ಕಣ್ಣಿಂದ ಎರಡು ಹನಿ ಹೊಸ ಲಂಗದ ಮೇಲೆ ಬಿದ್ದವು. ಅದನ್ನು ನೋಡಿ ಗುದ್ಲೆಪ್ಪ ಟಾವೆಲ್ಲು ಕಿತ್ತೆಸೆದು ಒದರಿದ:

“ಹೇನ! ಹೇನ ಆಗಿದ್ವು! ನನ್ನ ತಲಿಯಾಗ! ನನಗ, ನನಗೊಬ್ಬಗ! ಕೂಸಿಗೆ ಏನೂ ಸಂಬಂಧ ಇಲ್ಲ. ತಲಿತುಂಬ ಆಗಿದ್ವು, ಬೋಳಿಸಿದೆ. ಆತಿಲ್ಲೋ?”

ಬಾಜಾದವನ ಕೈಯಿಂದ ಕೋಲು ಜಾರಿತು. ಆಮೇಲೆ ಎದ್ದ ನಗೆಗೆ ಹಂದರದ ತಳಿರು ಅಲ್ಲಾಡಿದವು. ಫಕ್ಕೀರಪ್ಪ ಕಣ್ಣೊರೆಸಿಕೊಂಡು, “ಹೇನಿನ ಸಲುವಾಗಿ ನಿಮ್ಮವ್ವನ್ನ ಕೊಂದ್ಯಲ್ಲೋ ಭಾಡ್ಯಾ” ಎಂದು ಹೊಸ ಚಹಾ ತರಿಸಿಕೊಂಡ.

ಅಡಿವೆವ್ವ ನಗಲಿಲ್ಲ. “ಅಪ್ಪನ ತಲಿಯಾಗ ಇದ್ವಂದ್ರ ಮಗಳಿಗೆ ಹತ್ತದ ಬಿಡ್ತಾವೇನು?” ಎಂದು ಸಾವಂತ್ರಿಯನ್ನು ಗ್ಯಾಸಬತ್ತಿಯ ಕೆಳಗೆ ಕೂಡಿಸಿ, ಬಿಳಿ ಪಂಜೆ ಹಾಸಿ, ಸಣ್ಣ ಹಲ್ಲಿನ ಹಣಿಗೆಯಿಂದ ಬಾಚಿದಳು. ನಾಲ್ಕು ಮಂದಿ ಹೆಂಗಸರು ಬಾಗಿ ನೋಡಿದರು. ಗುದ್ಲೆಪ್ಪ ಕಣ್ಣು ಮುಚ್ಚಿ ಕಂಡಕಂಡ ದೇವರಿಗೆಲ್ಲ ಕಾಯಿ ಹರಕೆ ಹೊತ್ತ.

“ಒಂದೂ ಇಲ್ಲ. ಒಂದ ಸೀರೂ ಇಲ್ಲ” ಅಂದಳು ಅಡಿವೆವ್ವ.

ಗುದ್ಲೆಪ್ಪನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಲ್ಲದ ಹೇನಿಗೆ ಮೀಸೆ ಕೊಟ್ಟಿದ್ದ! ಆದರೂ ಮಗಳ ಕಳಸ ಉಳಿಯಿತು. ಹೋಗಲಿ ಬಿಡು, ಮೀಸೆ ಬೆಳೆಯುತ್ತದೆ ಅಂದುಕೊಂಡ.

ಹಸಿರು ಲಂಗದ ಹುಡುಗಿಯ ಅಜ್ಜಿಗೆ ಸಿಟ್ಟು ಇಳಿದಿರಲಿಲ್ಲ. “ಮಗಳ ತಲಿಯಾಗ ಇಲ್ಲಂದ್ರ ಹೇಣ್ತಿ ತಲಿಯಾಗ ನೋಡ್ರಿ. ಗಂಡ ಹೇಣ್ತಿ ಒಂದ ದಿಂಬಿನ ಮ್ಯಾಲ ಮಲಗೂರು” ಅಂದಳು.

ಕಂಬದ ಹಿಂದೆ ನಿಂತಿದ್ದ ಶಂಕ್ರವ್ವ, “ನನಗೇನೂ ಇಲ್ಲ, ನನಗ ಕೆಲಸ ಅದಾವ” ಎಂದು ಒಳಗೆ ನಡೆದಳು. ಬಿಡಬೇಕಲ್ಲ! ಹಿಡಿದು ಕೂಡಿಸಿ ತುರುಬು ಬಿಚ್ಚಿದರು. ಹಣಿಗೆ ಒಂದೇ ಸಲ ಇಳಿಯಿತು. ಬಿಳಿ ಪಂಜೆಯ ಮೇಲೆ ಎಳ್ಳು ಚೆಲ್ಲಿದ ಹಾಗಾಯಿತು, ಆ ಎಳ್ಳು ನಾಲ್ಕೂ ಕಡೆ ಓಡತೊಡಗಿತು.

ಗುದ್ಲೆಪ್ಪ ದಂಗಾಗಿ ನಿಂತ. ದುಂಡಸಿ ಬಿಡುವಾಗ ಅವಳ ತಲೆ ಸ್ವಚ್ಛವಿತ್ತು. ಎಂಟು ರಾತ್ರಿ ಈ ಮನೆಯ ಪಡಸಾಲೆಯಲ್ಲಿ ಇಪ್ಪತ್ತು ಮಂದಿ ಹೆಂಗಸರ ಜೊತೆ ಸಾಲಾಗಿ ಮಲಗಿದ್ದಾಳೆ, ಇಲ್ಲಿಯದೇ ಇದು! ಅದನ್ನು ಹೇಳಲೆಂದು ಬಾಯಿ ತೆರೆದ. ಶಂಕ್ರವ್ವ ತಲೆ ಎತ್ತಿ ಅವನ ಬೋಳುತಲೆಯನ್ನು ಮೊದಲ ಸಲ ಪೂರ್ತಿಯಾಗಿ ನೋಡಿದಳು.

“ಮತ್ತ ಎಲ್ಲಿಂದ ಬರ್ತಾವ? ಇವರಿಂದನ ಬಂದಾವ! ತಲಿ ಬೋಳಸ್ರಿ, ಬೋಳಸ್ರಿ ಅಂತ ನಾ ಹೇಳಿ ಹೇಳಿ ಸಾಕಾಗಿತ್ತು. ನಾ ಹೊರಟು ಬಂದ ಮ್ಯಾಲ ಬೋಳಿಸ್ಯಾರ ನೋಡ್ರಿ!”

“ಅಲ್ಲಲೇ, ನಾ...”

“ತಾವ ಒಪ್ಪಿಕೊಂಡಾರಲ್ಲ, ಎಲ್ಲಾರ ಮುಂದ!”

ಗುದ್ಲೆಪ್ಪ ಹೆಂಡತಿಯ ಕಣ್ಣು ನೋಡಿದ. ಕೋಪವಿರಲಿಲ್ಲ ಅಲ್ಲಿ, ಕೈಜೋಡಿಸಿದ ಹಾಗೆ ಒಂದು ಬೇಡಿಕೆ ಇತ್ತು. ಅವಳ ತವರು, ಅವಳ ತಂಗಿಯ ಮದುವೆ, ಮೂವತ್ತು ಮಂದಿ ಹೆಂಗಸರು. ಅವನು ಬಾಯಿ ಮುಚ್ಚಿದ.

ಅಷ್ಟೇ ತಡ, ಎಂಟು ದಿನದಿಂದ ಸೆರಗಿನ ಮರೆಯಲ್ಲಿ ಒಂದು ಬೆರಳಿನಿಂದ ಕೆರೆದುಕೊಳ್ಳುತ್ತಿದ್ದ ಹೆಂಗಸರೆಲ್ಲ ಹತ್ತೂ ಬೆರಳು ಹಾಕಿದರು. “ಅದಕ್ಕ ನನಗೂ ತಿನ್ನಾಕತ್ತೇತಿ!” “ಶಂಕ್ರವ್ವನ ಬಾಜೂಕ ಮಲಗಿದ್ನೆಲ್ಲ ನಾನು!” “ಅಯ್ಯ, ಅಳಿಯಾರು ಮದುವಿಗೆ ಏನ ಆಯೇರಿ ತಂದಾರವ್ವಾ!” ಅಡಿವೆವ್ವನೂ ತುರುಬಿನಲ್ಲಿ ಬೆರಳಾಡಿಸಿಕೊಂಡು ಅಳಿಯನ ಕಡೆ ದುರುಗುಟ್ಟಿ ನೋಡಿದಳು. ಅರ್ಧ ತಾಸಿನ ಹಿಂದೆ ಊರಿಗೆ ಬಂದವನು, ತಲೆಯಲ್ಲಿ ಒಂದು ಕೂದಲಿಲ್ಲದವನು. ಆ ಮನೆಯ ಹೇನುಗಳಿಗೆಲ್ಲ ಅವನೇ ಯಜಮಾನನಾದ.

“ಇಂಥಾ ಅಪ್ಪನ ಕೂಡ ಇದ್ರೂ ಕೂಸಿನ ತಲಿ ಎಷ್ಟ ಸ್ವಚ್ಛ ಐತಿ ನೋಡ್ರಿ” ಎಂದು ಅಡಿವೆವ್ವ ಮೊಮ್ಮಗಳ ಲಟಿಕೆ ಮುರಿದಳು. “ಎಲ್ಲಾ ನನ್ನ ಮಗಳ ಜ್ವಾಪಾನ.”

ಬೀಗರು ಬರುವ ಹೊತ್ತಿಗೆ ಗುದ್ಲೆಪ್ಪನನ್ನು ಹಂದರದ ಹೊರಗೆ, ಬಂಡಿಗಳನ್ನು ಬಿಟ್ಟ ಕಡೆಗೆ ನಿಲ್ಲಿಸಿದ್ದರು. ಓಣಿಯ ತುದಿಯಲ್ಲಿ ಮಂದಿಯೋ ಮಂದಿ. ಎಷ್ಟು ಕತ್ತು ಚಾಚಿದರೂ ಅವನಿಗೆ ರುಮಾಲುಗಳ ಹೊರತು ಏನೂ ಕಾಣಲಿಲ್ಲ. ಬಾಜಾ ಶುರುವಾಯಿತು. “ಸರೀರಿ, ಕಳಸ ಬಂತು” ಎಂದು ಸಾವಂತ್ರಿಯ ದನಿ ಕೇಳಿಸಿತು. ಅವನ ಎದೆ ತುಂಬಿ ಬಂತು, ಆದರೆ ಮಗಳು ಮಾತ್ರ ಕಾಣಲಿಲ್ಲ.

ಗಂಡಿನ ಕಡೆಯ ಹೆಂಗಸೊಬ್ಬಳು ಕಳಸಗಿತ್ತಿಯ ಗಲ್ಲ ಸವರಿ, “ಎಷ್ಟ ಚೆಂದ ನಡೀತಿ ನಮ್ಮವ್ವ! ಯಾರ ಮಗಳು ನೀನು?” ಎಂದು ಕೇಳಿದಳು.

ಎರಡೂ ಕೈಯಲ್ಲಿ ಕಳಸವಿತ್ತು. ಸಾವಂತ್ರಿ ಒಂದು ಹನಿ ತುಳುಕಿಸದೆ, ಗದ್ದ ಎತ್ತಿ ಬಂಡಿಗಳ ಕಡೆ ತೋರಿಸಿ, ಬಾಜಾದ ಮೇಲೆ ಕೇಳುವ ಹಾಗೆ ಕೂಗಿ ಹೇಳಿದಳು: “ಅಲ್ಲಿ ಬೋಳತಲಿಯವ್ರ ನಿಂತಾರಲ್ಲ, ಅವ್ರ ನಮ್ಮಪ್ಪ!”

ಮಂದಿಯೆಲ್ಲ ಹೊರಳಿ ನೋಡಿತು. ಗುದ್ಲೆಪ್ಪನ ಮುಂದಿದ್ದವರು, ಎಡಕ್ಕಿದ್ದವರು, ಬಲಕ್ಕಿದ್ದವರು ತಮ್ಮ ತಮ್ಮ ತಲೆ ಮುಟ್ಟಿಕೊಂಡು ಎರಡು ಮಾರು ದೂರ ಸರಿದರು. ಅಡ್ಡ ಯಾರೂ ಉಳಿಯದ್ದರಿಂದ ಅವನಿಗೆ ಮಗಳು ತಲೆಯ ಮೊಗ್ಗಿನಿಂದ ಕಾಲಿನ ಗೆಜ್ಜೆಯವರೆಗೆ ಚೆನ್ನಾಗಿ ಕಂಡಳು.